ಶ್ರುತಿ ಕೂಡಿಸುವ ಮುನ್ನ

ವೀಣೆಯನ್ನು ಶ್ರುತಿ ಮಾಡಲು ಕುಳಿತ ವೈಣಿಕನು ಮೊದಲಿಗೇ ತಂತಿಯನ್ನು ಬಿಗಿಯತೊಡಗುವುದಿಲ್ಲ. ಬಿರಡೆಗಳು ಜಾರುತ್ತಿವೆಯೇ, ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳು ಅಲುಗುತ್ತಿವೆಯೇ, ಕುದುರೆಯು ತನ್ನ ಸ್ಥಾನದಲ್ಲಿದೆಯೇ ಎಂಬುದನ್ನು ನೋಡಿಕೊಳ್ಳುತ್ತಾನೆ. ಇವು ಸರಿಯಿಲ್ಲದಿದ್ದರೆ ಎಂತಹ ಸೂಕ್ಷ್ಮವಾದ ಕಿವಿಯಿದ್ದರೂ ಫಲವಿಲ್ಲ. ಕೂಡಿಸಿದ ಶ್ರುತಿ ಮರುಗಳಿಗೆಯಲ್ಲಿ ಕಳಚಿಹೋಗುತ್ತದೆ. ಮೋಟಾರು ಕಾರಿನ ಎಂಜಿನಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಅದರಲ್ಲಿಯೂ ವಿದ್ಯುನ್ಮಾನ ನಿಯಂತ್ರಕವು ಇಂಧನವನ್ನು ಅಳೆದು ಚಿಮ್ಮಿಸುವ ಹಳೆಯ ಎಂಜಿನಿಗೆ ಈ ಮಾತು ಇನ್ನಷ್ಟು ನಿಜ. ಕಳೆದ ವರ್ಷ ನಮಗೆ ಒದಗಿದ ಒಂದು ಅನುಭವವು ಈ ಸಂಗತಿಯನ್ನು ನಮ್ಮ ಮನಸ್ಸಿನಲ್ಲಿ ಚೆನ್ನಾಗಿ ನಾಟಿಸಿತು.

ಮೈಸೂರಿನ ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ 2005ರಲ್ಲಿ ಕೊಂಡ ಪೆಟ್ರೋಲು ಕಾರೊಂದಿದೆ. ನಾಲ್ಕು ಸಿಲಿಂಡರುಗಳು, ಸುಮಾರು 1300 ಘನ ಸೆಂಟಿಮೀಟರುಗಳ ಗಾತ್ರ, ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಇಂಧನ ಚಿಮ್ಮುಗೆ. ತಂದೆಯವರು ಕೊಂಡದ್ದಾದುದರಿಂದ ಅದರ ಮೇಲೆ ನಮಗೆ ಮಮತೆ ಹೆಚ್ಚು. ನಮ್ಮ ದೇಶದಲ್ಲಿ ಸ್ವಂತ ಕಾರಿನ ನೋಂದಣಿಯು 15 ವರ್ಷಗಳ ಅನಂತರ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಎರಡನೆಯ ನವೀಕರಣದ ಕಾಲ ಬಂದಾಗ ಕಾರು ನಿಂತಲ್ಲಿಯೇ ಉಸಿರುಗಟ್ಟಿದಂತೆ ಏರಿಳಿಯುತ್ತಿತ್ತು. ಪೆಟ್ರೋಲನ್ನು ಅತಿಯಾಗಿ ಕುಡಿಯುತ್ತಿತ್ತು. ಹೊಗೆಯನ್ನು ಪರೀಕ್ಷಿಸಿದಾಗ ಇಂಗಾಲದ ಮಾನಾಕ್ಸೈಡು ಶೇಕಡಾ 1.8 ಇರುವುದು ಕಂಡುಬಂದಿತು. ಭಾರತ್ ಹಂತ 2 ಮತ್ತು 3ರ ನಿಯಮಗಳಿಗೆ ಅನುಗುಣವಾಗಿ ತಯಾರಾದ ಪೆಟ್ರೋಲು ಕಾರುಗಳಿಗೆ ಇರುವ ಮಿತಿ ಶೇಕಡಾ 0.5 ಮಾತ್ರ. ನಾವು ಮೊದಲು ವಿಚಾರಿಸಿದ ದುರಸ್ತಿಯ ಅಂಗಡಿಯವರು ತಮ್ಮ ಯಂತ್ರವನ್ನು ಕಾರಿಗೆ ಜೋಡಿಸಿ ನೋಡಿ, “ಕಂಪ್ಯೂಟರೇ ಹೋಗಿದೆ, ಬದಲಾಯಿಸಬೇಕು, ಇಲ್ಲವಾದರೆ ಗಾಡಿಯನ್ನು ಗುಜರಿಗೆ ಕೊಡುವುದು ಮೇಲು” ಎಂದುಬಿಟ್ಟರು. ಹೊಸ ನಿಯಂತ್ರಕಕ್ಕೆ ಅವರು ಹೇಳಿದ ಬೆಲೆಯು ಕಾರಿನ ಬೆಲೆಯ ಅರ್ಧವನ್ನು ಮುಟ್ಟುತ್ತಿತ್ತು.

ಮನೆಗೆ ಹತ್ತಿರದಲ್ಲೇ ಒಬ್ಬ ವಯಸ್ಸಾದ ಮೇಸ್ತ್ರಿಗಳ ಶೆಡ್ಡು ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳ ಮೇಲೆ ಕೈಪಳಗಿಸಿಕೊಂಡವರ ಪೀಳಿಗೆ ಅವರದು. ಆ ಬಂಡಿಗಳಲ್ಲಿ ಮೊದಲು ಕಿಡಿಯ ಪಾಯಿಂಟುಗಳ ನಡುವಣ ಸಂದನ್ನು ಸರಿಪಡಿಸಿ, ಅನಂತರ ಕಿಡಿಯ ಕಾಲವನ್ನು ಕೂಡಿಸಿ, ಕಟ್ಟಕಡೆಗೆ ಕಾರ್ಬುರೇಟರಿನ ತಿರುಪನ್ನು ಮುಟ್ಟುವುದು ಪದ್ಧತಿ. ಸಂದು ಬದಲಾದರೆ ಕಿಡಿಯ ಕಾಲವೂ ಬದಲಾಗುವುದರಿಂದ ಈ ಅನುಕ್ರಮವನ್ನು ತಲೆಕೆಳಗು ಮಾಡುವಂತಿಲ್ಲ. ನಮ್ಮ ಕಥೆಯನ್ನು ಕೇಳಿ ಅವರು ನಕ್ಕು, “ಕಂಪ್ಯೂಟರ್ ಸುಳ್ಳು ಹೇಳ್ತಿಲ್ಲ ಮೇಷ್ಟ್ರೇ, ಅದಕ್ಕೆ ಸುಳ್ಳು ಹೇಳ್ತಿರೋರು ನಾವು” ಎಂದರು. ಭೌತವಿಜ್ಞಾನದ ಪಾಠ ಹೇಳುವ ನಮಗೆ ಈ ಒಂದು ಮಾತು ಸಾಕಾಯಿತು. ಪ್ರಯೋಗಶಾಲೆಗೆ ಬಂದ ವಿದ್ಯಾರ್ಥಿಗೆ ನಾವು ಮೊದಲ ದಿನ ಕಲಿಸುವುದು ಇದನ್ನೇ ಅಲ್ಲವೇ? ವರ್ನಿಯರ್ ಮಾಪಕವನ್ನು ಕೈಗೆ ತೆಗೆದುಕೊಂಡೊಡನೆ ಅದರ ಶೂನ್ಯದೋಷವನ್ನು ನೋಡಬೇಕು, ಅಳತೆ ಆಮೇಲೆ.

ಎಂಜಿನು ಲೆಕ್ಕ ಮಾಡುವ ಬಗೆ

ಪೆಟ್ರೋಲಿನ ಒಂದು ಭಾಗವು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಕಾರ್ಬುರೇಟರು ಈ ಪ್ರಮಾಣವನ್ನು ಗಾಳಿಯ ಸೆಳೆತದಿಂದಲೇ ಸಾಧಿಸುತ್ತಿತ್ತು. ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುನ್ಮಾನ ವ್ಯವಸ್ಥೆಯು ಬೇರೊಂದು ದಾರಿಯನ್ನು ಹಿಡಿಯಿತು: ಗಾಳಿ ಎಷ್ಟು ಒಳಬಂದಿತೆಂಬುದನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಹೊತ್ತು ಚಿಮ್ಮುಗೆಯ ಬಾಯಿಯನ್ನು ತೆರೆದಿಡುವುದು. ನಮ್ಮ ಕಾರಿನಂತಹ ಎಂಜಿನುಗಳಲ್ಲಿ ನಿಯಂತ್ರಕಕ್ಕೆ ಗಾಳಿಯ ತೂಕವು ನೇರವಾಗಿ ತಿಳಿಯುವುದಿಲ್ಲ. ಹೀರುಕೊಳವೆಯೊಳಗಿನ ಒತ್ತಡ, ಗಾಳಿಯ ಉಷ್ಣತೆ ಮತ್ತು ಎಂಜಿನಿನ ವೇಗ, ಈ ಮೂರರಿಂದ ಅದು ತೂಕವನ್ನು ಊಹಿಸುತ್ತದೆ. ಸಿಲಿಂಡರುಗಳು ಆರೋಗ್ಯವಾಗಿದ್ದು ಪ್ರತಿಸಾರಿಯೂ ಇಂತಿಷ್ಟು ಗಾಳಿಯನ್ನು ಹೀರುತ್ತವೆಂಬ ನಂಬಿಕೆಯು ಈ ಲೆಕ್ಕದೊಳಗೆ ಮೊದಲೇ ಅಡಗಿದೆ.

ಈ ಲೆಕ್ಕವು ಎಷ್ಟು ನವುರಾದುದೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಎಂಜಿನಿನ ಒಂದೊಂದು ಸಿಲಿಂಡರಿನ ಗಾತ್ರ 325 ಘನ ಸೆಂಟಿಮೀಟರು. ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿರುವ ಮೈಸೂರಿನಲ್ಲಿ ಅಷ್ಟು ಗಾಳಿಯ ತೂಕ ಒಂದು ಗ್ರಾಮಿನ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಎಂಜಿನು ನಿಂತಲ್ಲಿಯೇ ಮೆಲ್ಲಗೆ ಓಡುವಾಗ ಒಳಬರುವುದು ಅದರ ಮೂರನೆಯ ಒಂದು ಭಾಗ ಮಾತ್ರ. ಅದಕ್ಕೆ ಬೇಕಾದ ಪೆಟ್ರೋಲು ಏಳೆಂಟು ಮಿಲಿಗ್ರಾಮು, ಎಂದರೆ ತೊಟ್ಟಿಕ್ಕುವ ನಳಿಗೆಯಿಂದ ಬೀಳುವ ಒಂದು ತೊಟ್ಟಿನ ಐದರಲ್ಲೊಂದು ಪಾಲು! ಇಷ್ಟನ್ನು ಅಳೆಯಲು ಚಿಮ್ಮುಗೆಯು ತೆರೆದಿರುವುದು ಎರಡು ಮೂರು ಮಿಲಿಸೆಕೆಂಡುಗಳ ಕಾಲ. ಇಂತಹ ತ್ರಾಸಿಗೆ ಸುಳ್ಳು ಬಟ್ಟನ್ನಿಟ್ಟರೆ ಸರಿಯಾದ ತೂಕ ಬರುವುದಾದರೂ ಎಂತು?

ಮೊದಲನೆಯ ಮೆಟ್ಟಿಲು: ಕವಾಟಗಳ ಸಂದು

ನಾವು ಮೊದಲು ಪರೀಕ್ಷಿಸಿದ್ದು ಕವಾಟಗಳನ್ನು. ಕವಾಟದ ಕಡ್ಡಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಕಾರಣವು ಉಷ್ಣದಿಂದಾಗುವ ಹಿಗ್ಗುವಿಕೆ. 100 ಮಿ.ಮೀ. ಉದ್ದದ ಉಕ್ಕಿನ ಕಡ್ಡಿಯು 200 ಡಿಗ್ರಿಗಳಷ್ಟು ಬಿಸಿಯೇರಿದರೆ ಸುಮಾರು 0.24 ಮಿ.ಮೀ. ಬೆಳೆಯುತ್ತದೆ. ಅದನ್ನು ಹೊತ್ತಿರುವ ಲೋಹದ ತಲೆಯೂ ಹಿಗ್ಗುವುದರಿಂದ ನಿಜವಾದ ವ್ಯತ್ಯಾಸವು ಇದಕ್ಕಿಂತ ಕಡಿಮೆ. ತಯಾರಕರು ಇದನ್ನೆಲ್ಲ ಅಳೆದು ನೋಡಿಯೇ ತಣ್ಣಗಿದ್ದಾಗ ಇಷ್ಟು, ಬಿಸಿಯಾಗಿದ್ದಾಗ ಇಷ್ಟು ಎಂದು ಕೈಪಿಡಿಯಲ್ಲಿ ನಮೂದಿಸುತ್ತಾರೆ. ಹೊಗೆಯನ್ನು ಹೊರಬಿಡುವ ಕವಾಟವು ಹೆಚ್ಚು ಕಾಯುವುದರಿಂದ ಸಾಮಾನ್ಯವಾಗಿ ಅದರ ಸಂದೂ ಹೆಚ್ಚು.

ಕಾಲ ಕಳೆದಂತೆ ಸಂದು ಸಡಿಲವಾಗುತ್ತದೆಂಬುದು ಜನಸಾಮಾನ್ಯರ ಎಣಿಕೆ. ಸಡಿಲವಾದ ಸಂದು ಟಕಟಕನೆ ಸದ್ದು ಮಾಡಿ ತನ್ನ ಇರವನ್ನು ತಾನೇ ಸಾರುತ್ತದೆ. ಅಪಾಯಕಾರಿಯಾದುದು ಬಿಗಿಯಾದ ಸಂದು. ಕವಾಟದ ಮುಖವು ತನ್ನ ಪೀಠದಲ್ಲಿ ಸವೆದು ಒಳಸರಿದಂತೆ ಕಡ್ಡಿಯು ಮೇಲಕ್ಕೇರಿ ಸಂದು ಮುಚ್ಚಿಹೋಗುತ್ತದೆ, ಸದ್ದು ಇಲ್ಲವಾಗುತ್ತದೆ. ಎಂಜಿನು ಮೌನವಾದುದಕ್ಕೆ ಒಡೆಯನು ಸಂತೋಷಪಡುತ್ತಿರುವಾಗಲೇ ಕವಾಟವು ಪೂರ್ತಿ ಮುಚ್ಚದೆ, ತನ್ನ ಬಿಸಿಯನ್ನು ಪೀಠಕ್ಕೆ ದಾಟಿಸಲಾರದೆ ಸುಡತೊಡಗುತ್ತದೆ. ನಮ್ಮ ಕಾರಿನ ಮೂರನೆಯ ಸಿಲಿಂಡರಿನಲ್ಲಿ ಆಗಿದ್ದುದು ಇದೇ. ಹೊಗೆಯ ಕವಾಟದ ಸಂದಿನಲ್ಲಿ 0.05 ಮಿ.ಮೀ. ದಪ್ಪದ ಫೀಲರ್ ತಗಡು ಸಹ ತೂರಲಿಲ್ಲ.

ಅನಂತರ ಸಂಪೀಡನದ ಪರೀಕ್ಷೆ. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಕಳಚಿ, ಇಂಧನವನ್ನೂ ಕಿಡಿಯನ್ನೂ ನಿಲ್ಲಿಸಿ, ವೇಗದ ಕವಾಟವನ್ನು ಪೂರ್ಣವಾಗಿ ತೆರೆದು, ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಿ ಮಾಪಕವನ್ನು ಓದಬೇಕು. ಚದರ ಸೆಂಟಿಮೀಟರಿಗೆ 12, 12, 9.5 ಮತ್ತು 11.8 ಕಿಲೋಗ್ರಾಮುಗಳು ಅನುಕ್ರಮವಾಗಿ ದೊರೆತವು. ಮೂರನೆಯದು ಮಾತ್ರ ಹಿಂದುಳಿದಿತ್ತು. ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದೆವು. ಪಿಸ್ಟನ್ನಿನ ಬಳೆಗಳು ಸವೆದಿದ್ದರೆ ಎಣ್ಣೆಯು ಆ ಬಿರುಕನ್ನು ಮುಚ್ಚಿ ಒತ್ತಡವು ಏರಬೇಕಾಗಿತ್ತು, ಏರಲಿಲ್ಲ. ಆದುದರಿಂದ ದೋಷವು ಕವಾಟದ್ದೇ ಎಂಬುದು ಖಚಿತವಾಯಿತು. ಸಂದನ್ನು ಸರಿಪಡಿಸಿ ಪುನಃ ಅಳೆದಾಗ 11.5 ದೊರೆಯಿತು. ಕವಾಟವು ಸುಡುವ ಮುನ್ನ ನಾವು ಎಚ್ಚೆತ್ತಿದ್ದೆವು.

ಈ ದೋಷಕ್ಕೂ ಇಂಧನಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹೊಗೆಕೊಳವೆಯಲ್ಲಿ ಆಮ್ಲಜನಕದ ಸಂವೇದಕವೊಂದಿದೆ. ಜರ್ಕೋನಿಯದಿಂದ ಮಾಡಿದ ಅದು ಸುಮಾರು 300 ಡಿಗ್ರಿಗೆ ಕಾದ ಮೇಲೆ, ಹೊಗೆಯಲ್ಲಿ ಆಮ್ಲಜನಕವು ಉಳಿದಿದ್ದರೆ ಸುಮಾರು 0.1 ವೋಲ್ಟನ್ನೂ, ಉಳಿಯದಿದ್ದರೆ ಸುಮಾರು 0.9 ವೋಲ್ಟನ್ನೂ ಕೊಡುತ್ತದೆ. ಒಂದು ಸಿಲಿಂಡರು ಸರಿಯಾಗಿ ಉರಿಯದೆ ಹೋದಾಗ ಅದರ ಆಮ್ಲಜನಕವು ಬಳಕೆಯಾಗದೆ ಹೊರಬೀಳುತ್ತದೆ. ಸಂವೇದಕವು ಪೆಟ್ರೋಲನ್ನು ನೋಡಲಾರದು. ಆಮ್ಲಜನಕವನ್ನು ಮಾತ್ರ ಬಲ್ಲದು. “ಪೆಟ್ರೋಲು ಸಾಲದು” ಎಂದು ಅದು ವರದಿ ಮಾಡುತ್ತದೆ. ನಿಯಂತ್ರಕವು ನಾಲ್ಕೂ ಸಿಲಿಂಡರುಗಳಿಗೆ ಪೆಟ್ರೋಲನ್ನು ಹೆಚ್ಚಿಸುತ್ತದೆ. ಒಬ್ಬನ ತಪ್ಪಿಗೆ ನಾಲ್ವರಿಗೂ ದಂಡ! ಹೊಗೆಕೊಳವೆಯ ಕೀಲಿನಲ್ಲಿ ಬಿರುಕಿದ್ದು ಹೊರಗಿನ ಗಾಳಿ ಒಳಸೇರಿದರೂ ಇದೇ ಪ್ರಮಾದವಾಗುತ್ತದೆ. ಆದುದರಿಂದ ಆ ಕೀಲುಗಳನ್ನೂ ನೋಡಿಕೊಳ್ಳಬೇಕು.

ಗಾಳಿಯ ಕಳ್ಳದಾರಿಗಳು

ಹೀರುಕೊಳವೆಗೆ ಅನೇಕ ರಬ್ಬರು ನಳಿಗೆಗಳು ಬಂದು ಸೇರುತ್ತವೆ. ಇಪ್ಪತ್ತು ವರ್ಷಗಳ ಬಿಸಿಲು ಬೇಗೆಗಳಲ್ಲಿ ರಬ್ಬರು ಒಣಗಿ ಸೀಳುವುದು ಸಹಜ. ಹೀಗೆ ಸೀಳಿದಲ್ಲಿಂದ ಕದ್ದು ನುಗ್ಗುವ ಗಾಳಿಯ ಪರಿಣಾಮವು ಎಲ್ಲ ಎಂಜಿನುಗಳಲ್ಲಿಯೂ ಒಂದೇ ಅಲ್ಲ. ಗಾಳಿಯ ಹರಿವನ್ನು ಬಾಗಿಲಿನಲ್ಲೇ ಅಳೆಯುವ ವ್ಯವಸ್ಥೆಯಲ್ಲಿ ಕಳ್ಳಗಾಳಿಯು ಲೆಕ್ಕಕ್ಕೆ ಸಿಗದೆ ಮಿಶ್ರಣವು ತೆಳುವಾಗುತ್ತದೆ. ಒತ್ತಡವನ್ನು ಅಳೆಯುವ ನಮ್ಮಂತಹ ವ್ಯವಸ್ಥೆಯಲ್ಲಿಯಾದರೋ ಕಳ್ಳಗಾಳಿಯೂ ಒತ್ತಡವನ್ನು ಏರಿಸುವುದರಿಂದ ನಿಯಂತ್ರಕವು ಅದಕ್ಕೂ ಪೆಟ್ರೋಲನ್ನು ಬಡಿಸುತ್ತದೆ. ಎಂಜಿನು ಕಾಲಿಡದೆಯೇ ವೇಗವಾಗಿ ಓಡುತ್ತದೆ. ನಮ್ಮಲ್ಲಿ ಬ್ರೇಕಿಗೆ ನೆರವಾಗುವ ನಳಿಗೆಯ ಬುಡದಲ್ಲಿ ಒಂದು ಸೀಳು ಸಿಕ್ಕಿತು. ಸಾಬೂನಿನ ನೀರನ್ನು ಸವರಿದೊಡನೆ ಅದು ಒಳಕ್ಕೆ ಹೀರಿಕೊಂಡು ಎಂಜಿನಿನ ಸದ್ದು ಬದಲಾಯಿತು. ಪೆಟ್ರೋಲನ್ನು ಚಿಮುಕಿಸಿ ಪರೀಕ್ಷಿಸುವ ಅಭ್ಯಾಸ ಕೆಲವರಲ್ಲಿದೆ. ಬಿಸಿ ಎಂಜಿನಿನ ಮೇಲೆ ಅದು ಬೆಂಕಿಯೊಡನೆ ಸರಸ.

ಇಲ್ಲಿ ನಮ್ಮ ಊರಿಗೇ ಸೇರಿದ ಒಂದು ಸ್ವಾರಸ್ಯವಿದೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವು 101 ಕಿಲೋಪಾಸ್ಕಲ್, ಎಂದರೆ 76 ಸೆಂ.ಮೀ. ಪಾದರಸ. ಮೈಸೂರಿನಲ್ಲಿ ಅದು ಸುಮಾರು 92 ಕಿಲೋಪಾಸ್ಕಲ್, ಎಂದರೆ 69 ಸೆಂ.ಮೀ. ಚಿಲ್ಲರೆ. ನಿರ್ವಾತಮಾಪಕವು ಹೊರಗಿನ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ತೋರಿಸುವುದರಿಂದ, ಸಮುದ್ರಮಟ್ಟದ ಪುಸ್ತಕದಲ್ಲಿ ಬರೆದ ಅಂಕಿಗಿಂತ ಆರೂವರೆ ಸೆಂ.ಮೀ.ನಷ್ಟು ಕಡಿಮೆಯನ್ನು ಇಲ್ಲಿ ತೋರಿಸುತ್ತದೆ. ಇದನ್ನು ಅರಿಯದವನು ಆರೋಗ್ಯವಾದ ಎಂಜಿನಿಗೂ ರೋಗವನ್ನು ಹಚ್ಚಿಯಾನು. ಇನ್ನೊಂದು ಸುಲಭವಾದ ಪರೀಕ್ಷೆಯೂ ಉಂಟು. ಬೀಗದ ಕೈಯನ್ನು ತಿರುಗಿಸಿ, ಎಂಜಿನನ್ನು ಚಾಲೂ ಮಾಡದೆ, ಒತ್ತಡದ ಸಂವೇದಕವು ಏನು ಹೇಳುತ್ತದೆಂದು ನೋಡಬೇಕು. ಆಗ ಹೀರುಕೊಳವೆಯಲ್ಲಿರುವುದು ಹೊರಗಿನ ಗಾಳಿಯೇ. ನಾವು ಕಾಲೇಜಿನ ಫೋರ್ಟಿನ್ ವಾಯುಭಾರಮಾಪಕವನ್ನು ಓದಿಕೊಂಡು ಬಂದು ಹೋಲಿಸಿದೆವು. ಎರಡೂ ಒಂದಕ್ಕೊಂದು ತಾಳೆಯಾದುವು. ಸಂವೇದಕವು ನಿರ್ದೋಷಿ ಎಂದು ತಿಳಿಯಿತು. ಅದನ್ನು ಬದಲಾಯಿಸುವ ಖರ್ಚೂ ಉಳಿಯಿತು.

ಮುಟ್ಟಬಾರದ ತಿರುಪು

ವೇಗದ ಕವಾಟವು ಮುಚ್ಚಿದಾಗ ಎಲ್ಲಿ ನಿಲ್ಲಬೇಕೆಂಬುದನ್ನು ಒಂದು ಪುಟ್ಟ ತಿರುಪು ನಿರ್ಧರಿಸುತ್ತದೆ. ಕಾರ್ಖಾನೆಯಲ್ಲಿ ಅದನ್ನು ಕೂಡಿಸಿ ಬಣ್ಣದಿಂದ ಮುದ್ರೆ ಹಾಕಿರುತ್ತಾರೆ. ಕಾರ್ಬುರೇಟರಿನ ಕಾಲದಲ್ಲಿ ಇಂತಹ ತಿರುಪನ್ನು ತಿರುಗಿಸಿ ನಿಂತಲ್ಲಿಯ ವೇಗವನ್ನು ಕೂಡಿಸುತ್ತಿದ್ದರು. ಇಂಧನ ಚಿಮ್ಮಿಸುವ ಎಂಜಿನಿನಲ್ಲಿ ಆ ಕೆಲಸಕ್ಕೆ ಬೇರೆಯದೇ ಗಾಳಿಯ ಅಡ್ಡದಾರಿಯಿದೆ. ನಮ್ಮ ಕಾರಿನಲ್ಲಿ ಮುದ್ರೆಯು ಒಡೆದಿತ್ತು. ಎಂದೋ ಒಂದು ದಿನ ಮಸಿ ಕಟ್ಟಿ ವೇಗವು ಕುಸಿದಾಗ, ಮಸಿಯನ್ನು ತೊಳೆಯುವ ಬದಲು ಯಾರೋ ತಿರುಪನ್ನು ಒಳಕ್ಕೆ ತಿರುಗಿಸಿದ್ದರು. ಇದರಿಂದ ಕವಾಟವು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಅದರ ಕೋನವನ್ನು ತಿಳಿಸುವ ಸಂವೇದಕವು “ಚಾಲಕನು ಕಾಲಿಟ್ಟಿದ್ದಾನೆ” ಎಂದು ನಿಯಂತ್ರಕಕ್ಕೆ ಸದಾ ಹೇಳುತ್ತಿತ್ತು. ಕಾಲಿಟ್ಟಿರುವಾಗ ನಿಂತಲ್ಲಿಯ ವೇಗವನ್ನು ಕಾಯುವ ಹೊಣೆ ನಿಯಂತ್ರಕಕ್ಕೆ ಇಲ್ಲ. ಏರಿಳಿತದ ಗುಟ್ಟು ಬಯಲಾಯಿತು.

ಮಸಿಯನ್ನು ತೊಳೆದು, ವೇಗದ ತಂತಿಗೆ ಕೈಪಿಡಿ ಹೇಳಿದಷ್ಟು ಸಡಿಲವನ್ನು ಕೊಟ್ಟು, ತಿರುಪನ್ನು ಮೊದಲಿನ ಸ್ಥಾನಕ್ಕೆ ತಂದು, ಸಂವೇದಕದ ಶೂನ್ಯವನ್ನು ಕೂಡಿಸಿದೆವು. ತಂತಿಯು ಬಿಗಿಯಾಗಿದ್ದರೆ ಉಳಿದುದೆಲ್ಲವೂ ವ್ಯರ್ಥವಾದುದರಿಂದ ಅದನ್ನು ಮೊದಲು ನೋಡಬೇಕು.

ಕಿತ್ತೆಸೆದ ಶಾಖದ್ವಾರ

ನಮ್ಮ ಕಾರಿನ ದೋಷಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದುದು ಕಣ್ಣಿಗೆ ಕಾಣದ ಒಂದು ಕೊರತೆ. ಎಂಜಿನಿನ ನೀರು ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಹೋಗಗೊಡದೆ ತಡೆಯುವ ಸಾಧನವೇ ಥರ್ಮೋಸ್ಟಾಟು. ಅದರೊಳಗಿನ ಮೇಣವು ಸುಮಾರು 82 ಡಿಗ್ರಿಯಲ್ಲಿ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. “ನಮ್ಮ ಸೆಕೆಗೆ ಇದೇಕೆ? ಇದ್ದರೆ ಎಂಜಿನು ಕಾಯುತ್ತದೆ” ಎಂದು ಅದನ್ನು ಕಿತ್ತೆಸೆಯುವ ಪದ್ಧತಿ ನಮ್ಮ ಶೆಡ್ಡುಗಳಲ್ಲಿ ಬಹಳ ಕಾಲದಿಂದ ಇದೆ. ಹಳೆಯ ಕಾರ್ಬುರೇಟರು ಬಂಡಿಗಳಲ್ಲಿ ಇದರಿಂದಾದ ನಷ್ಟವು ಅಷ್ಟಾಗಿ ಗಮನಕ್ಕೆ ಬರುತ್ತಿರಲಿಲ್ಲ. ನಿಯಂತ್ರಕವುಳ್ಳ ಎಂಜಿನಿನಲ್ಲಿ ಇದು ದೊಡ್ಡ ಪ್ರಮಾದ. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದು. ಆದುದರಿಂದ ನೀರು ಕಾಯುವವರೆಗೆ ನಿಯಂತ್ರಕವು ಹೆಚ್ಚು ಪೆಟ್ರೋಲನ್ನು ಕೊಡುತ್ತದೆ. ನಮ್ಮ ಕಾರಿನ ನೀರು ಊರೊಳಗಿನ ಓಡಾಟದಲ್ಲಿ 60 ಡಿಗ್ರಿಯನ್ನು ದಾಟುತ್ತಲೇ ಇರಲಿಲ್ಲ. ಎಂಜಿನಿಗೆ ವರ್ಷಗಟ್ಟಲೆ ಮುಂಜಾವವೇ ಮುಗಿದಿರಲಿಲ್ಲ! ಹೊಗೆಯಲ್ಲಿದ್ದ ಇಂಗಾಲದ ಮಾನಾಕ್ಸೈಡಿನ ದೊಡ್ಡ ಪಾಲು ಇಲ್ಲಿಂದ ಬಂದುದೆಂದು ಆಮೇಲೆ ತಿಳಿಯಿತು. ಕೆಲವು ನೂರು ರೂಪಾಯಿಗಳ ಹೊಸ ಥರ್ಮೋಸ್ಟಾಟನ್ನು ಕೂರಿಸಿದೆವು.

ಕಡೆಯದು ಕಿಡಿಯ ಕಾಲ

ಪೆಟ್ರೋಲಿನ ಆವಿ ಕಿಡಿ ತಾಗಿದ ಕ್ಷಣದಲ್ಲೇ ಒಮ್ಮೆಗೆ ಸಿಡಿಯುವುದಿಲ್ಲ. ಉರಿಯು ಹರಡಲು ಹೊತ್ತು ಬೇಕು. ಈ ಹೊತ್ತು 2 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನು ಅಷ್ಟರಲ್ಲಿ ಸುಮಾರು 10 ಡಿಗ್ರಿ ತಿರುಗಿರುತ್ತದೆ. 3000 ಸುತ್ತಿನದಾದರೆ 36 ಡಿಗ್ರಿ. ವೇಗ ಹೆಚ್ಚಿದಂತೆ ಗಾಳಿಯ ಕಲಕಾಟವೂ ಹೆಚ್ಚಿ ಉರಿಯು ಬೇಗ ಹರಡುವುದರಿಂದ ನಿಜವಾದ ಅಂಕಿಗಳು ಇಷ್ಟು ಸರಳವಲ್ಲ; ಆದರೂ ವೇಗಕ್ಕೆ ತಕ್ಕಂತೆ ಕಿಡಿಯು ಮುಂಚಿತವಾಗಬೇಕೆಂಬುದು ಇದರಿಂದ ಸ್ಪಷ್ಟ. ಎಷ್ಟು ಮುಂಚಿತವೆಂಬುದನ್ನು ನಿಯಂತ್ರಕವು ಲೆಕ್ಕ ಹಾಕುತ್ತದೆ. ಆದರೆ ಈ ಎಂಜಿನಿನಲ್ಲಿ ಪಿಸ್ಟನ್ನು ಎಲ್ಲಿದೆಯೆಂಬ ಸುದ್ದಿಯು ಅದಕ್ಕೆ ತಲಪುವುದು ಡಿಸ್ಟ್ರಿಬ್ಯೂಟರಿನಿಂದ. ಅದನ್ನು ಯಾರಾದರೂ 5 ಡಿಗ್ರಿ ತಿರುಗಿಸಿ ಬಿಗಿದಿದ್ದರೆ ಎಲ್ಲ ವೇಗಗಳಲ್ಲಿಯೂ ಲೆಕ್ಕವು 10 ಡಿಗ್ರಿ ತಪ್ಪುತ್ತದೆ. ಶೂನ್ಯದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಪಠ್ಯಪುಸ್ತಕದಲ್ಲೂ ದೊರೆತಿಲ್ಲ.

ಇದನ್ನು ಅಳೆಯುವಾಗ ಒಂದು ಎಚ್ಚರಿಕೆ ಬೇಕು. ನಿಯಂತ್ರಕವು ನಿಂತಲ್ಲಿಯ ವೇಗವನ್ನು ಸ್ಥಿರವಾಗಿಡಲು ಕಿಡಿಯನ್ನು ಹಿಂದೆ ಮುಂದೆ ಸರಿಸುತ್ತಲೇ ಇರುತ್ತದೆ. ಆದುದರಿಂದ ಕೈಪಿಡಿಯಲ್ಲಿ ಹೇಳಿದ ಪರೀಕ್ಷೆಯ ತುದಿಗಳನ್ನು ತಂತಿಯಿಂದ ಕೂಡಿಸಿ ಅದನ್ನು ಮೊದಲು ಸುಮ್ಮನಿರಿಸಬೇಕು. ಅನಂತರ ಮೊದಲನೆಯ ಸಿಲಿಂಡರಿನ ಕಿಡಿಗೊಮ್ಮೆ ಮಿಂಚುವ ದೀಪವನ್ನು ತಿರುಗುವ ಗಾಲಿಯ ಮೇಲೆ ಹಿಡಿದರೆ ಗಾಲಿಯು ನಿಂತಂತೆ ಕಂಡು ಗುರುತನ್ನು ಓದಲು ಬರುತ್ತದೆ. ನಮ್ಮದರಲ್ಲಿ 4 ಡಿಗ್ರಿ ತಡವಾಗಿತ್ತು, ಸರಿಪಡಿಸಿದೆವು. ಇದಕ್ಕೂ ಮೊದಲು ಕವಾಟಗಳನ್ನು ನಡೆಸುವ ಹಲ್ಲುಪಟ್ಟಿಯ ಗುರುತುಗಳು ತಾಳೆಯಾಗಿವೆಯೇ ಎಂದು ನೋಡಿದ್ದೆವು. ಒಂದು ಹಲ್ಲು ತಪ್ಪಿದ್ದರೂ ಮುಂದಿನ ಅಳತೆಗಳಿಗೆ ಅರ್ಥವಿಲ್ಲ.

ಇಷ್ಟೆಲ್ಲವೂ ಮುಗಿದ ಮೇಲೆ ಮಾತ್ರ ನಿಂತಲ್ಲಿಯ ವೇಗವನ್ನು ಗಾಳಿಯ ತಿರುಪಿನಿಂದ 800ಕ್ಕೆ ಕೂಡಿಸಿದೆವು. ಅದಕ್ಕೆ ಹಿಡಿದದ್ದು ಐದು ನಿಮಿಷ. ಅದಕ್ಕೆ ಮುಂಚಿನ ಸಿದ್ಧತೆಗೆ ಎರಡು ಭಾನುವಾರಗಳು. ಮರುದಿನದ ಪರೀಕ್ಷೆಯಲ್ಲಿ ಇಂಗಾಲದ ಮಾನಾಕ್ಸೈಡು ಶೇಕಡಾ 0.2ಕ್ಕೆ ಇಳಿದಿತ್ತು. ಗುಜರಿಗೆ ಹೋಗಬೇಕಾಗಿದ್ದ ನಿಯಂತ್ರಕವು ಇಂದಿಗೂ ಅದೇ ಕಾರಿನಲ್ಲಿದೆ.

ಉಳಿತಾಯದ ಅರ್ಥ

ನಿಯಂತ್ರಕವು ದೋಷಗಳನ್ನು ತಾನೇ ತಿದ್ದಿಕೊಳ್ಳುವುದಾದರೆ ಇಷ್ಟು ಶ್ರಮವೇಕೆ ಎನ್ನುವವರಿದ್ದಾರೆ. ತಿದ್ದಿಕೊಳ್ಳುವುದು ನಿಜ, ಆದರೆ ಆ ಶಕ್ತಿಗೆ ಮಿತಿಯಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡಾ 20ರಷ್ಟು ಈಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಈಥೆನಾಲಿನ ಒಂದು ಭಾಗಕ್ಕೆ ಸುಮಾರು 9 ಭಾಗ ಗಾಳಿ ಸಾಕು. ಆದುದರಿಂದ ಈ ಮಿಶ್ರಣಕ್ಕೆ ಸರಿಯಾದ ಪ್ರಮಾಣವು 14.7 ಅಲ್ಲ, ಸುಮಾರು 13.5. 2005ರ ನಿಯಂತ್ರಕವು ಚಿಮ್ಮುಗೆಯನ್ನು ಶೇಕಡಾ ಏಳೆಂಟು ಹೆಚ್ಚು ಹೊತ್ತು ತೆರೆದು ಇದನ್ನು ಸರಿದೂಗಿಸಬೇಕಾಗುತ್ತದೆ. ಬಿಗಿಯಾದ ಕವಾಟಕ್ಕೂ ಸೀಳಿದ ನಳಿಗೆಗೂ ತನ್ನ ತಿದ್ದುಪಡಿಯ ಗಂಟನ್ನು ಮೊದಲೇ ವ್ಯಯಮಾಡಿದ ನಿಯಂತ್ರಕಕ್ಕೆ ಹೊಸ ಇಂಧನಕ್ಕಾಗಿ ಏನು ಉಳಿದೀತು? ಹಳೆಯ ಎಂಜಿನಿನಲ್ಲಿ ಯಾಂತ್ರಿಕ ಸಿದ್ಧತೆಯೆಂದರೆ ಈ ಗಂಟನ್ನು ಕಷ್ಟಕಾಲಕ್ಕೆ ಉಳಿಸಿಡುವುದು.

ಕೈಯಾರೆ ಮಾಡಬಯಸುವ ವಾಚಕರಿಗೆ ಎರಡು ಮಾತು. ಇಲ್ಲಿಯ ಅಂಕಿಗಳು ನಮ್ಮ ಎಂಜಿನಿನವು. ತಮ್ಮ ಎಂಜಿನಿನ ಕೈಪಿಡಿಯೇ ತಮಗೆ ಪ್ರಮಾಣ. ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಎಂಜಿನನ್ನು ಓಡಿಸಬಾರದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಸದ್ದಿಲ್ಲದೆ ಕೊಲ್ಲುತ್ತದೆ.

ಪ್ರಮಾಣಪತ್ರವು ಕೈಸೇರಿದ ಸಂಜೆ ಮೇಸ್ತ್ರಿಗಳನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟವನ್ನು ಹತ್ತಿದೆವು. ಬೆಟ್ಟದ ನೆತ್ತಿಯು ಸಮುದ್ರಮಟ್ಟದಿಂದ ಸುಮಾರು 1050 ಮೀಟರು. ಅಲ್ಲಿ ಗಾಳಿಯ ಒತ್ತಡವು ಸುಮಾರು 89 ಕಿಲೋಪಾಸ್ಕಲಿಗೆ ಇಳಿಯುತ್ತದೆ. ತಿರುವು ತಿರುವಿನಲ್ಲಿಯೂ ಗಾಳಿ ತೆಳುವಾಗುತ್ತ ಹೋದಂತೆ ನಿಯಂತ್ರಕವು ಅದನ್ನು ಅರಿತು ಪೆಟ್ರೋಲನ್ನು ಕೂದಲೆಳೆಯಷ್ಟು ಕಡಿಮೆ ಮಾಡುತ್ತ ಬಂದಿತು. ನಮಗೆ ಅದರ ಸುಳಿವೇ ಹತ್ತಲಿಲ್ಲ. ಮೇಲೆ ನಿಲ್ಲಿಸಿದಾಗ ಎಂಜಿನು ಒಂದೇ ಸಮನೆ ಓಡುತ್ತಿತ್ತು. ಮೇಸ್ತ್ರಿಗಳು ಬಾನೆಟ್ಟಿನ ಮೇಲೆ ಅಂಗೈಯನ್ನಿಟ್ಟು ಒಂದು ಗಳಿಗೆ ಕಿವಿಗೊಟ್ಟರು. “ಈಗ ನಿಜ ಹೇಳ್ತಿದ್ದೀವಿ ಮೇಷ್ಟ್ರೇ, ಅದೂ ಸರಿಯಾಗಿ ಕೇಳ್ತಿದೆ” ಎಂದರು.